ಥೈರಾಯ್ಡ್ ಕಾಯುತ್ತದೆ, ಕಾರ್ಟಿಸಾಲ್ ಕಾಯುವುದಿಲ್ಲ

ಥೈರಾಯ್ಡ್ ಮಾತ್ರೆ ನುಂಗುವವರು ನಮ್ಮಲ್ಲಿ ಯಾವ ಬೀದಿಗೆ ಹೋದರೂ ಸಿಗುತ್ತಾರೆ. ಅದರ ಜೊತೆಗೆ ಅಡ್ರಿನಲ್ ಗ್ರಂಥಿಯೂ ಸೋತವರು ಅಪರೂಪ. ಅಪರೂಪವಾದ್ದರಿಂದಲೇ ಅವರಿಗೆ ದಾರಿ ಹೇಳುವವರು ಕಡಿಮೆ, ಡಾಕ್ಟರ ಹತ್ತು ನಿಮಿಷದ ಭೇಟಿಯಲ್ಲಿ ಎಲ್ಲ ಹೇಳಿ ಮುಗಿಯುವುದೂ ಇಲ್ಲ. ಕುತ್ತಿಗೆಯ ಮುಂಭಾಗದ ಥೈರಾಯ್ಡ್ ದೇಹದ ವೇಗವನ್ನು ನಿರ್ಧರಿಸುತ್ತದೆ. ಎರಡು ಕಿಡ್ನಿಗಳ ನೆತ್ತಿಯ ಮೇಲೆ ಕೂತ ಅಡ್ರಿನಲ್ ಗ್ರಂಥಿಗಳು ಕಾರ್ಟಿಸಾಲ್ ಸುರಿಸಿ ರಕ್ತದೊತ್ತಡ ಮತ್ತು ಸಕ್ಕರೆಯನ್ನು ಬೀಳದಂತೆ ಹಿಡಿದಿಡುತ್ತವೆ, ಜ್ವರ ಬಂದಾಗ, ಗಾಯವಾದಾಗ ಜೀವ ಕಾಯುತ್ತವೆ. ಎರಡೂ ಕೈಕೊಟ್ಟ ಮೇಲೂ ಓದು, ಕೆಲಸ, ಮದುವೆ, ಮಕ್ಕಳು ಎಲ್ಲವೂ ಸಾಧ್ಯ. ಅದಕ್ಕೆ ಬೇಕಾದ ಶಿಸ್ತು ಇಲ್ಲಿದೆ. ಇಲ್ಲಿನ ಅಂಕಿಗಳು ವಯಸ್ಕರ ಸಾಮಾನ್ಯ ಲೆಕ್ಕ. ನಿಮ್ಮ ಡೋಸ್ ಯಾವುದು ಎಂಬುದನ್ನು ನಿಮ್ಮ ಎಂಡೋಕ್ರಿನಾಲಜಿಸ್ಟ್ ಬರೆದ ಚೀಟಿಯೇ ಹೇಳಬೇಕು.

1. ಬೇರು ಎಲ್ಲಿದೆ ಎಂದು ಕೇಳಿ ತಿಳಿಯಿರಿ

ಎರಡು ಗ್ರಂಥಿ ಒಟ್ಟಿಗೆ ಸೋಲುವುದಕ್ಕೆ ಮುಖ್ಯವಾಗಿ ಎರಡು ದಾರಿಗಳಿವೆ. ಒಂದರಲ್ಲಿ ದೇಹದ ರೋಗನಿರೋಧಕ ವ್ಯವಸ್ಥೆಯೇ ತಿರುಗಿಬಿದ್ದು ಎರಡೂ ಗ್ರಂಥಿಗಳನ್ನು ಹಾಳುಮಾಡುತ್ತದೆ. ಅಡ್ರಿನಲ್ ಹಾಳಾಗುವ ಕಾಯಿಲೆಯನ್ನು ಲಂಡನ್ನಿನ ಥಾಮಸ್ ಅಡಿಸನ್ 1855ರಲ್ಲಿ ವಿವರಿಸಿದರು. ಅದರ ಜೊತೆಗೆ ಥೈರಾಯ್ಡ್ ಕೂಡ ಹಾಳಾದ ಇಬ್ಬರ ಬಗ್ಗೆ ಜರ್ಮನಿಯ ಶ್ಮಿಟ್ 1926ರಲ್ಲಿ ಬರೆದರು. ಈ ಜೋಡಿಗೆ ಇಂದಿಗೂ ಅವರದೇ ಹೆಸರಿದೆ.

ಇನ್ನೊಂದು ದಾರಿ ತಲೆಯೊಳಗಿನ ಪಿಟ್ಯುಟರಿ ಗ್ರಂಥಿಯದು. ಥೈರಾಯ್ಡಿಗೂ ಅಡ್ರಿನಲ್‌ಗೂ ಅಪ್ಪಣೆ ಹೋಗುವುದು ಅಲ್ಲಿಂದ. ಅದೇ ಸತ್ತರೆ ಕೆಳಗಿನ ಎರಡೂ ಗ್ರಂಥಿಗಳು ಸುಮ್ಮನಾಗುತ್ತವೆ. ನಮ್ಮ ನಾಡಿನ ಹೆಂಗಸರ ಮಟ್ಟಿಗೆ ಈ ದಾರಿಯ ಬಗ್ಗೆ ನಿಂತು ಹೇಳಲೇಬೇಕು. ಹೆರಿಗೆಯಲ್ಲಿ ವಿಪರೀತ ರಕ್ತ ಹೋದಾಗ ಪಿಟ್ಯುಟರಿಗೆ ರಕ್ತ ಸಾಲದೆ ಅದು ಕಮರುತ್ತದೆ. ಬ್ರಿಟನ್ನಿನ ಹೆರಾಲ್ಡ್ ಶೀಹನ್ 1937ರಲ್ಲಿ ಇದನ್ನು ಬಿಡಿಸಿ ಹೇಳಿದರು. ಬಾಣಂತಿಗೆ ಎದೆಹಾಲು ಬರುವುದಿಲ್ಲ, ಮುಟ್ಟು ಮರಳುವುದಿಲ್ಲ, ಕಂಕುಳಿನ ಕೂದಲು ಉದುರುತ್ತದೆ, ಮೈ ಬಿಳಿಚಿಕೊಳ್ಳುತ್ತದೆ. ಮನೆಯವರು ‘ಬಾಣಂತನ ಸರಿಯಾಗಲಿಲ್ಲ’ ಎಂದು ಸುಮ್ಮನಾಗುತ್ತಾರೆ. ಹತ್ತಿಪ್ಪತ್ತು ವರ್ಷ ಅದೇ ಸುಸ್ತಿನಲ್ಲಿ ಗದ್ದೆ, ಕೊಟ್ಟಿಗೆ, ಅಡುಗೆ ಎಲ್ಲ ನಿಭಾಯಿಸಿ, ಕೊನೆಗೆ ಒಂದು ಜ್ವರದಲ್ಲಿ ಪ್ರಜ್ಞೆ ತಪ್ಪಿ ಆಸ್ಪತ್ರೆ ಸೇರಿದಾಗಷ್ಟೇ ಕಾಯಿಲೆ ಪತ್ತೆಯಾಗುತ್ತದೆ. ಆ ಹೆಂಗಸು ಅಷ್ಟು ವರ್ಷ ಅನುಭವಿಸಿದ್ದು ಸೋಮಾರಿತನ ಎಂದು ಕರೆಸಿಕೊಂಡಿತ್ತು ಎನ್ನುವುದು ನನಗೆ ಸಹಿಸಲಾಗದ ಸಂಗತಿ.

ಬೇರು ಯಾವುದು ಎಂಬುದರ ಮೇಲೆ ಚಿಕಿತ್ಸೆ ಬದಲಾಗುತ್ತದೆ. ಅಡ್ರಿನಲ್ಲೇ ಹಾಳಾಗಿದ್ದರೆ ಉಪ್ಪು ಹಿಡಿದಿಡುವ ಆಲ್ಡೋಸ್ಟೆರೋನ್ ಕೂಡ ಇರುವುದಿಲ್ಲ, ಹೀಗಾಗಿ ಫ್ಲೂಡ್ರೋಕಾರ್ಟಿಸೋನ್ ಮಾತ್ರೆಯೂ ಬೇಕು. ಪಿಟ್ಯುಟರಿ ಕಾರಣವಾದರೆ ಸಾಮಾನ್ಯವಾಗಿ ಅದು ಬೇಡ. ಮೈಬಣ್ಣವೂ ಸುಳಿವು ಕೊಡುತ್ತದೆ. ಮೊದಲನೆಯದರಲ್ಲಿ ಅಂಗೈ ಗೆರೆ, ಬೆರಳಿನ ಗಂಟು, ವಸಡು ಕಪ್ಪಾಗುತ್ತವೆ. ಎರಡನೆಯದರಲ್ಲಿ ಹಾಗಾಗುವುದಿಲ್ಲ.

2. ಮೊದಲು ಸ್ಟಿರಾಯ್ಡ್, ಆಮೇಲೆ ಥೈರಾಕ್ಸಿನ್

ಈ ಬರಹದಲ್ಲಿ ಒಂದೇ ಒಂದು ಸಾಲು ನೆನಪಿಟ್ಟುಕೊಳ್ಳುವುದಾದರೆ ಇದನ್ನೇ ಇಟ್ಟುಕೊಳ್ಳಿ. ಥೈರಾಯ್ಡ್ ಮಾತ್ರೆಯಲ್ಲಿರುವ ಥೈರಾಕ್ಸಿನ್ ದೇಹದ ವೇಗ ಹೆಚ್ಚಿಸುತ್ತದೆ. ವೇಗ ಹೆಚ್ಚಿದಂತೆ ಕಾರ್ಟಿಸಾಲ್ ಬೇಗ ಖರ್ಚಾಗುತ್ತದೆ. ಅಡ್ರಿನಲ್ ಗಟ್ಟಿಯಿದ್ದವರು ಆ ಖರ್ಚನ್ನು ತುಂಬಿಕೊಳ್ಳುತ್ತಾರೆ. ಸೋತವರಲ್ಲಿ ತುಂಬಲು ಏನೂ ಇರುವುದಿಲ್ಲ. ಅಡ್ರಿನಲ್ ಕೊರತೆ ಇದ್ದದ್ದು ಗೊತ್ತಾಗದೆ ಬರೀ ಥೈರಾಯ್ಡ್ ಮಾತ್ರೆ ಶುರುಮಾಡಿದರೆ ಅಡ್ರಿನಲ್ ಕ್ರೈಸಿಸ್ ಬಂದು ಜೀವಕ್ಕೇ ಕುತ್ತಾಗಬಹುದು. ಎರಡೂ ಒಟ್ಟಿಗೆ ಪತ್ತೆಯಾದರೆ ಕಾರ್ಟಿಸಾಲ್ ಬದಲಿಗೆ ಕೊಡುವ ಸ್ಟಿರಾಯ್ಡ್ (ಹೈಡ್ರೋಕಾರ್ಟಿಸೋನ್) ಶುರುಮಾಡಿ, ಅದು ದೇಹಕ್ಕೆ ಒಗ್ಗಿದ ಮೇಲಷ್ಟೇ ಥೈರಾಕ್ಸಿನ್ ಕೊಡುವುದು ಕ್ರಮ.

ಇನ್ನೊಂದು ಸೂಕ್ಷ್ಮ ಇದೆ. ಕಾರ್ಟಿಸಾಲ್ ಕಡಿಮೆಯಿದ್ದಾಗ ಟಿಎಸ್‌ಎಚ್ (ಪಿಟ್ಯುಟರಿ ಥೈರಾಯ್ಡಿಗೆ ಕಳಿಸುವ ಅಪ್ಪಣೆ) ತಾನಾಗಿಯೇ ತುಸು ಏರಿರುತ್ತದೆ. ಸ್ಟಿರಾಯ್ಡ್ ಕೊಟ್ಟ ಮೇಲೆ ಕೆಲವರಲ್ಲಿ ಅದು ಸರಿಹೋಗಿ, ಥೈರಾಯ್ಡ್ ಮಾತ್ರೆಯೇ ಬೇಕಾಗುವುದಿಲ್ಲ. ಆದ್ದರಿಂದ ಥೈರಾಯ್ಡ್ ಮಾತ್ರೆ ಶುರುವಾದ ಮೇಲೆ ಹುಷಾರಾಗುವ ಬದಲು ತೂಕ ಇಳಿಯುವುದು, ವಾಂತಿ, ಎದ್ದು ನಿಂತಾಗ ಕಣ್ಣು ಕತ್ತಲೆ ಬರುವುದು ಇದ್ದರೆ, ಬೆಳಿಗ್ಗೆ 8 ಗಂಟೆಯ ಕಾರ್ಟಿಸಾಲ್ ಪರೀಕ್ಷೆ ಬೇಕೇ ಎಂದು ನೀವೇ ಬಾಯಿಬಿಟ್ಟು ಕೇಳಿ. ಕೇಳಿದರೆ ತಪ್ಪೇನಿಲ್ಲ.

3. ಎರಡು ಮಾತ್ರೆಗಳ ಗಡಿಯಾರ ಬೇರೆ ಬೇರೆ

ಥೈರಾಕ್ಸಿನ್ ರಕ್ತದಲ್ಲಿ ಅರ್ಧಕ್ಕಿಳಿಯಲು ಸುಮಾರು 7 ದಿನ ಬೇಕು. ಹೈಡ್ರೋಕಾರ್ಟಿಸೋನ್ ಅರ್ಧಕ್ಕಿಳಿಯಲು ಸುಮಾರು ಒಂದೂವರೆ ಗಂಟೆ ಸಾಕು. ಒಂದು ದಿನ ಥೈರಾಯ್ಡ್ ಮಾತ್ರೆ ಮರೆತರೆ ನಿಮಗೆ ಗೊತ್ತೂ ಆಗುವುದಿಲ್ಲ. ಒಂದು ಹೊತ್ತಿನ ಹೈಡ್ರೋಕಾರ್ಟಿಸೋನ್ ಮರೆತರೆ ಸಂಜೆಯ ಹೊತ್ತಿಗೆ ಕೈಕಾಲು ಸೋತು ಮಾತೂ ಬೇಡವೆನಿಸುತ್ತದೆ. ಇಷ್ಟು ಅರ್ಥವಾದರೆ ಉಳಿದ ವೇಳಾಪಟ್ಟಿ ತಾನಾಗಿ ಹೊಂದಿಕೊಳ್ಳುತ್ತದೆ.

ಹೈಡ್ರೋಕಾರ್ಟಿಸೋನ್ ಸಾಮಾನ್ಯವಾಗಿ ದಿನಕ್ಕೆ 15ರಿಂದ 25 ಮಿಲಿಗ್ರಾಂ, ಎರಡು ಅಥವಾ ಮೂರು ಪಾಲು. ದೊಡ್ಡ ಪಾಲು ಎದ್ದ ತಕ್ಷಣ, ಮುಂದಿನದು ಮಧ್ಯಾಹ್ನ, ಮೂರನೆಯದು ಇದ್ದರೆ ಸಂಜೆಗೆ ಮುನ್ನ. ಆರೋಗ್ಯವಂತರ ದೇಹ ಮುಂಜಾನೆ ಹೆಚ್ಚು ಕಾರ್ಟಿಸಾಲ್ ಸುರಿಸಿ ರಾತ್ರಿ ಕಡಿಮೆ ಮಾಡುತ್ತದೆ, ನಾವು ಅದನ್ನೇ ಅನುಸರಿಸುತ್ತೇವೆ. ರಾತ್ರಿ ತಡವಾಗಿ ನುಂಗಿದರೆ ನಿದ್ದೆ ಕೆಡುತ್ತದೆ. ಮಾತ್ರೆಯನ್ನು ಹಾಸಿಗೆಯ ಪಕ್ಕದಲ್ಲೇ ನೀರಿನೊಂದಿಗೆ ಇಟ್ಟುಕೊಂಡು, ಕಾಲು ನೆಲಕ್ಕಿಡುವ ಮೊದಲೇ ನುಂಗುವುದು ಒಳ್ಳೆಯ ಅಭ್ಯಾಸ. ಮಧ್ಯಾಹ್ನದ ಪಾಲನ್ನೇ ಎಲ್ಲರೂ ಮರೆಯುವುದು, ಆದ್ದರಿಂದ ಮೊಬೈಲಿನಲ್ಲಿ ಅಲಾರಂ ಇಡಿ.

ಥೈರಾಕ್ಸಿನ್ ಬರಿಹೊಟ್ಟೆಯಲ್ಲಿ, ಬರೀ ನೀರಿನಲ್ಲಿ. ಆಮೇಲೆ ಅರ್ಧ ಗಂಟೆಯಿಂದ ಒಂದು ಗಂಟೆ ಕಾಫಿಯಿಲ್ಲ. ನಮ್ಮ ಜನಕ್ಕೆ ಕಷ್ಟವಾಗುವುದು ಇಲ್ಲೇ. ಫಿಲ್ಟರ್ ಕಾಫಿ ಹೊಟ್ಟೆಗೆ ಬಿದ್ದರೆ ಮಾತ್ರೆ ರಕ್ತಕ್ಕೆ ಸೇರುವುದು ಕಡಿಮೆಯಾಗುತ್ತದೆ. ಕಾಯಲಾರದವರು ಡಾಕ್ಟರನ್ನು ಕೇಳಿ ಥೈರಾಕ್ಸಿನನ್ನು ರಾತ್ರಿ ಊಟವಾಗಿ ಮೂರು ಗಂಟೆ ಕಳೆದ ಮೇಲೆ ತೆಗೆದುಕೊಳ್ಳಬಹುದು. ಸ್ಟಿರಾಯ್ಡ್ ಮಾತ್ರ ಬೆಳಿಗ್ಗೆಯೇ ಇರಲಿ.

4. ಕ್ಯಾಲ್ಸಿಯಂ, ಕಬ್ಬಿಣದ ಮಾತ್ರೆಗೆ 4 ಗಂಟೆ ಅಂತರ

ಥೈರಾಕ್ಸಿನ್ ಜೊತೆ ಇವು ಹೊಟ್ಟೆಯಲ್ಲಿ ಸೇರಿಕೊಂಡರೆ ಅದನ್ನು ಹಿಡಿದುಹಾಕುತ್ತವೆ. ಮಧ್ಯಾಹ್ನದ ಊಟದ ಹೊತ್ತಿಗೆ ದೂಡಿ, ಅಷ್ಟು ಸಾಕು.

5. ‘ಸ್ಟಿರಾಯ್ಡ್’ ಎಂದು ಹೆದರಿಸಿದವರ ಮಾತಿಗೆ ಮಾತ್ರೆ ಬಿಡಬೇಡಿ

ಮದುವೆ ಮನೆಯಲ್ಲಿ ಸಿಕ್ಕ ದೊಡ್ಡಮ್ಮ, ‘ಅಯ್ಯೋ, ಅದು ಸ್ಟಿರಾಯ್ಡ್ ಕಣೇ, ಮೂಳೆ ಕರಗಿಹೋಗುತ್ತೆ, ಬಿಟ್ಟುಬಿಡು’ ಎನ್ನುತ್ತಾರೆ. ಅವರ ಕಾಳಜಿ ನಿಜ, ಮಾಹಿತಿ ತಪ್ಪು. ಆಸ್ತಮಾಕ್ಕೋ ಕಿಡ್ನಿಯ ಕಾಯಿಲೆಗೋ ಕೊಡುವ ದೊಡ್ಡ ಡೋಸ್ ಬೇರೆ. ನೀವು ನುಂಗುವುದು ಆರೋಗ್ಯವಂತರ ಅಡ್ರಿನಲ್ ದಿನವೂ ಮಾಡುವಷ್ಟನ್ನೇ, ಹೆಚ್ಚುಕಡಿಮೆ ಅಷ್ಟೇ ಅಳತೆಯಲ್ಲಿ. ಅದನ್ನು ಬಿಟ್ಟರೆ ದೇಹಕ್ಕೆ ಬೇರೆ ಮೂಲವಿಲ್ಲ.

ಹಾಗೆಯೇ ಎದುರು ದಿಕ್ಕಿನ ತಪ್ಪನ್ನೂ ಮಾಡಬೇಡಿ. ದಿನವೂ ಸ್ವಲ್ಪ ಸುಸ್ತು ಎನ್ನಿಸಿದ್ದಕ್ಕೆ ಒಂದು ಮಾತ್ರೆ ಜಾಸ್ತಿ ನುಂಗುವುದು ಅಭ್ಯಾಸವಾದರೆ ಮುಖ ಊದುತ್ತದೆ, ಸಕ್ಕರೆ ಏರುತ್ತದೆ, ಮೂಳೆ ಸವೆಯುತ್ತದೆ. ತೂಕ ಇಳಿಸಲು ಥೈರಾಕ್ಸಿನ್ ಏರಿಸುವುದು ಇನ್ನೂ ಕೆಟ್ಟದ್ದು. ಅದು ಹೃದಯವನ್ನು ದಣಿಸುತ್ತದೆ, ಇದ್ದ ಕಾರ್ಟಿಸಾಲನ್ನೂ ಬೇಗ ಖಾಲಿ ಮಾಡುತ್ತದೆ.

6. ಜ್ವರದ ದಿನ ಸ್ಟಿರಾಯ್ಡ್ ಇಮ್ಮಡಿ, ಥೈರಾಕ್ಸಿನ್ ಇದ್ದಷ್ಟೇ

ಆರೋಗ್ಯವಂತರಿಗೆ ಜ್ವರ ಬಂದಾಗ ಅಡ್ರಿನಲ್ ಹಲವು ಪಟ್ಟು ಕಾರ್ಟಿಸಾಲ್ ಸುರಿಸುತ್ತದೆ. ನಿಮ್ಮಲ್ಲಿ ಆ ಕೆಲಸ ಮಾತ್ರೆಯದು. ಲೆಕ್ಕ ಹೀಗಿದೆ. ಜ್ವರ 100.4 ಡಿಗ್ರಿ ಫ್ಯಾರನ್‌ಹೀಟ್ ದಾಟಿದರೆ ದಿನದ ಹೈಡ್ರೋಕಾರ್ಟಿಸೋನ್ ಎರಡು ಪಟ್ಟು. 102.2 ದಾಟಿದರೆ ಮೂರು ಪಟ್ಟು. ಜ್ವರ ಇಳಿಯುವ ತನಕ, ಸಾಮಾನ್ಯವಾಗಿ ಎರಡು ಮೂರು ದಿನ, ಇದನ್ನೇ ಮುಂದುವರಿಸಿ ಮತ್ತೆ ಹಳೆಯ ಅಳತೆಗೆ ಬನ್ನಿ. ಮೂರು ದಿನಕ್ಕೂ ಇಳಿಯದಿದ್ದರೆ ಡಾಕ್ಟರ ಬಳಿ ಹೋಗಿ. ಮಳೆಗಾಲದಲ್ಲಿ ಡೆಂಗಿ, ಚಿಕುನ್‌ಗುನ್ಯಾ ಊರಿಗೆ ಬಂದಾಗ ‘ನಾಳೆ ನೋಡೋಣ’ ಎಂದು ಕಾಯುವುದು ಬೇರೆಯವರಿಗೆ ನಡೆಯಬಹುದು, ನಿಮಗೆ ನಡೆಯದು.

ಜ್ವರಕ್ಕಿಂತ ಅಪಾಯದ್ದು ವಾಂತಿ. ಮಾತ್ರೆ ನುಂಗಿದ ಅರ್ಧ ಗಂಟೆಯೊಳಗೆ ವಾಂತಿಯಾದರೆ ಮತ್ತೊಮ್ಮೆ ನುಂಗಿ. ಅದೂ ಹೊರಬಂದರೆ ಮೂರನೆಯ ಸಲ ಪ್ರಯತ್ನಿಸುತ್ತ ಕೂರಬೇಡಿ. ಮನೆಯಲ್ಲಿಟ್ಟ ಹೈಡ್ರೋಕಾರ್ಟಿಸೋನ್ ಇಂಜೆಕ್ಷನ್ ಚುಚ್ಚಿಸಿಕೊಂಡು ಆಸ್ಪತ್ರೆಗೆ ಹೊರಡಿ. ಜೋರು ಭೇದಿಗೂ ಇದೇ ನಿಯಮ, ಏಕೆಂದರೆ ಮಾತ್ರೆ ರಕ್ತಕ್ಕೆ ಸೇರುವ ಮೊದಲೇ ಹೊರಗೆ ಹೋಗಿರುತ್ತದೆ. ಮೂಳೆ ಮುರಿದರೆ, ದೊಡ್ಡ ಅಪಘಾತವಾದರೆ ಕೂಡ ಇಂಜೆಕ್ಷನ್ ಬೇಕು.

ಪರೀಕ್ಷೆಯ ಆತಂಕ, ಆಫೀಸಿನ ಕಿರಿಕಿರಿ, ಅತ್ತೆ ಸೊಸೆಯ ಮಾತು ಇಂಥವಕ್ಕೆ ಡೋಸ್ ಏರಿಸಬೇಕಾಗಿಲ್ಲ. ಮನೆಯಲ್ಲಿ ಸಾವಿನಂಥ ದೊಡ್ಡ ಆಘಾತವಾದರೆ ಡಾಕ್ಟರಿಗೆ ಫೋನ್ ಮಾಡಿ ಕೇಳಿ.

ಇಷ್ಟೆಲ್ಲ ಮಾಡುವಾಗಲೂ ಥೈರಾಕ್ಸಿನ್ ಎಂದಿನಷ್ಟೇ. ಅದನ್ನು ಯಾವ ಜ್ವರಕ್ಕೂ ಇಮ್ಮಡಿ ಮಾಡುವಂತಿಲ್ಲ. ಎರಡು ಮಾತ್ರೆಗಳನ್ನೂ ಒಂದೇ ಡಬ್ಬಿಯಲ್ಲಿಟ್ಟು ಗೊಂದಲ ಮಾಡಿಕೊಳ್ಳದೆ, ಬೇರೆ ಬೇರೆ ಬಣ್ಣದ ಡಬ್ಬಿ ಇಡುವುದು ಇದಕ್ಕಾಗಿಯೇ.

7. ಕ್ಯಾಶುವಾಲ್ಟಿಯಲ್ಲಿ ಹೇಳಬೇಕಾದ ಮಾತು ಬಾಯಿಪಾಠವಿರಲಿ

ಅಡ್ರಿನಲ್ ಕ್ರೈಸಿಸ್ ಹೇಗೆ ಕಾಣುತ್ತದೆ? ತಡೆಯಲಾಗದ ಸುಸ್ತು, ವಾಂತಿ, ಹೊಟ್ಟೆನೋವು, ಎದ್ದರೆ ಬೀಳುವಂತಾಗುವುದು, ಬಿಪಿ ಕುಸಿತ, ಮಾತು ತೊದಲುವುದು, ಮಂಪರು, ಕೆಲವೊಮ್ಮೆ ಸಕ್ಕರೆಯೂ ಇಳಿಯುವುದು. ಹೊರಗಿನವರಿಗೆ ಇದು ಆಹಾರ ವ್ಯತ್ಯಾಸದಂತೆ ಕಾಣುತ್ತದೆ. ‘ಒಂದು ಗ್ಲೂಕೋಸ್ ಬಾಟ್ಲಿ ಹಾಕಿಸಿಕೊಂಡು ಬಾ’ ಎನ್ನುವುದು ನಮ್ಮ ಊರುಗಳ ರೂಢಿ. ಈ ಕಾಯಿಲೆಯಲ್ಲಿ ಅದು ಸಾಲದು. ಸೋಡಿಯಂ ಆಗಲೇ ಇಳಿದಿರುವಾಗ ಬರೀ ಗ್ಲೂಕೋಸ್ ನೀರು ಏರಿಸಿದರೆ ಅದು ಇನ್ನೂ ಇಳಿಯಬಹುದು. ಬೇಕಾದದ್ದು ಹೈಡ್ರೋಕಾರ್ಟಿಸೋನ್ 100 ಮಿಲಿಗ್ರಾಂ ಇಂಜೆಕ್ಷನ್ ಮತ್ತು ವೇಗವಾಗಿ ನಾರ್ಮಲ್ ಸಲೈನ್. ಮೊದಲ ಒಂದು ಗಂಟೆಯಲ್ಲಿ ಸುಮಾರು ಒಂದು ಲೀಟರ್ ಸಲೈನ್, ಆಮೇಲಿನ 24 ಗಂಟೆಯಲ್ಲಿ ಒಟ್ಟು 200 ಮಿಲಿಗ್ರಾಂ ಹೈಡ್ರೋಕಾರ್ಟಿಸೋನ್ ಕೊಡುವುದು ಕ್ರಮ. ಸಕ್ಕರೆ ಇಳಿದಿದ್ದರೆ ಇದರ ಜೊತೆಗೆ ಗ್ಲೂಕೋಸ್. ಲ್ಯಾಬ್ ರಿಪೋರ್ಟ್ ಬರಲಿ ಎಂದು ಕಾಯುವ ಸಮಯ ಇದಲ್ಲ.

ರೋಗಿಯ ಜೊತೆ ಬಂದವರು ಹೇಳಬೇಕಾದದ್ದು ಇಷ್ಟು: ‘ಇವರಿಗೆ ಅಡ್ರಿನಲ್ ಇನ್‌ಸಫಿಷಿಯೆನ್ಸಿ ಇದೆ. ಹೈಡ್ರೋಕಾರ್ಟಿಸೋನ್ ನೂರು ಮಿಲಿಗ್ರಾಂ ಈಗಲೇ ಕೊಡಿ, ಜೊತೆಗೆ ನಾರ್ಮಲ್ ಸಲೈನ್.’ ‘ಥೈರಾಯ್ಡ್ ಇದೆ’ ಎಂದು ಮೊದಲು ಹೇಳಬೇಡಿ. ಕೇಳಿದವರ ಗಮನ ಅತ್ತ ಹೋಗುತ್ತದೆ. ನಿಮ್ಮ ಡಾಕ್ಟರಿಂದ ಇದೇ ಮಾತನ್ನು ಲೆಟರ್‌ಹೆಡ್ಡಿನಲ್ಲಿ ಇಂಗ್ಲಿಷಿನಲ್ಲೂ ಕನ್ನಡದಲ್ಲೂ ಬರೆಸಿಕೊಂಡು, ಲ್ಯಾಮಿನೇಟ್ ಮಾಡಿಸಿ, ಪರ್ಸಿನಲ್ಲಿ ಇಟ್ಟುಕೊಳ್ಳಿ. ಫೋಟೋ ತೆಗೆದು ಮನೆಯವರೆಲ್ಲರ ಮೊಬೈಲಿಗೆ ಕಳಿಸಿ. 108ಕ್ಕೆ ಕರೆ ಮಾಡುವಾಗಲೂ ‘ಸುಸ್ತು’ ಎನ್ನಬೇಡಿ, ಕಾಯಿಲೆಯ ಹೆಸರು ಹೇಳಿ.

8. ಉಪ್ಪಿನ ವಿಷಯದಲ್ಲಿ ಊರಿನ ಬುದ್ಧಿವಾದ ನಿಮಗಲ್ಲ

ಅಡ್ರಿನಲ್ಲೇ ಹಾಳಾದವರ ದೇಹ ಉಪ್ಪನ್ನು ಮೂತ್ರದಲ್ಲಿ ಕಳೆದುಕೊಳ್ಳುತ್ತದೆ. ಉಪ್ಪಿನಕಾಯಿ, ಹಪ್ಪಳ, ಉಪ್ಪು ಹಚ್ಚಿದ ಮಾವಿನಕಾಯಿಗೆ ಬಾಯಿ ಹಾತೊರೆಯುತ್ತಿದ್ದರೆ ಅದು ದೇಹದ ಬೇಡಿಕೆ. ಫ್ಲೂಡ್ರೋಕಾರ್ಟಿಸೋನ್ ಸರಿಯಾಗಿದ್ದರೆ ಎಂದಿನ ಊಟದ ಉಪ್ಪು ಸಾಕಾಗುತ್ತದೆ. ರಾಯಚೂರು, ಕಲಬುರಗಿಯ ಏಪ್ರಿಲ್ ಬಿಸಿಲಿನಲ್ಲಿ ಬೆವರು ಸುರಿಯುವಾಗ ಉಪ್ಪು ಹೆಚ್ಚು ಬೇಕು, ಕೆಲವರಿಗೆ ಮಾತ್ರೆಯ ಅಳತೆಯೂ ತುಸು ಏರಬೇಕು. ಉಪ್ಪು ಹಾಕಿದ ನೀರು ಮಜ್ಜಿಗೆ, ಗಂಜಿ, ತಂಬುಳಿ ಒಳ್ಳೆಯವು.

ಎಳನೀರಿನ ಬಗ್ಗೆ ಎಚ್ಚರ. ಸುಸ್ತು ಎಂದ ಕೂಡಲೇ ಎಳನೀರು ತರುವುದು ನಮ್ಮ ಪ್ರೀತಿಯ ಭಾಷೆ. ಆದರೆ ಎಳನೀರಿನಲ್ಲಿ ಪೊಟ್ಯಾಸಿಯಂ ಬಹಳ, ಸೋಡಿಯಂ ಕಡಿಮೆ. ಆಲ್ಡೋಸ್ಟೆರೋನ್ ಇಲ್ಲದವರ ರಕ್ತದಲ್ಲಿ ಪೊಟ್ಯಾಸಿಯಂ ಏರುವುದೇ ಕಾಯಿಲೆಯ ಒಂದು ಮುಖ. ಅದು ಮಿತಿ ಮೀರಿದರೆ ಹೃದಯದ ಬಡಿತ ತಪ್ಪುತ್ತದೆ. ಹುಷಾರಾಗಿರುವಾಗ ಒಂದು ಎಳನೀರು ಕುಡಿದರೆ ತೊಂದರೆಯಿಲ್ಲ. ಬಿಪಿ ಬಿದ್ದು ಮಲಗಿರುವಾಗ ಎಳನೀರಿನ ಮೇಲೆ ಭರವಸೆ ಇಡುವಂತಿಲ್ಲ, ಆಗ ಬೇಕಾದದ್ದು ಇಂಜೆಕ್ಷನ್ ಮತ್ತು ಆಸ್ಪತ್ರೆ. ಸಣ್ಣ ಸುಸ್ತಿಗೆ ಮೆಡಿಕಲ್ ಶಾಪಿನ ಓಆರ್‌ಎಸ್ ಪೊಟ್ಟಣವೊಂದನ್ನು ಅದರ ಮೇಲೆ ಬರೆದಷ್ಟು ನೀರಿಗೆ ಬೆರೆಸಿ ಕೊಡಿ. ಅದರಲ್ಲಿ ಸೋಡಿಯಂ ಅಳತೆಯಿಟ್ಟು ಹಾಕಿರುತ್ತಾರೆ.

ಪಿಟ್ಯುಟರಿ ಕಾರಣದವರಿಗೆ ಈ ಉಪ್ಪಿನ ನಿಯಮ ಅಷ್ಟಾಗಿ ಅನ್ವಯಿಸದು. ಬಿಪಿ ಜಾಸ್ತಿ ಇರುವವರೂ ಮೊದಲು ಡಾಕ್ಟರನ್ನು ಕೇಳಬೇಕು.

9. ನಿರ್ಜಲ ಉಪವಾಸ ಬೇಡ

ಏಕಾದಶಿ, ಶಿವರಾತ್ರಿಯ ಉಪವಾಸ, ರಂಜಾನಿನ ರೋಜಾ ಯಾವುದೇ ಇರಲಿ, ನೀರೂ ಮಾತ್ರೆಯೂ ಇಲ್ಲದ ದಿನ ಈ ದೇಹಕ್ಕೆ ಒಗ್ಗದು. ಕಾಯಿಲೆಯವರಿಗೆ ಇಂಥ ವ್ರತಗಳಲ್ಲಿ ವಿನಾಯಿತಿ ಇದೆ. ವ್ರತ ಮಾಡಲೇಬೇಕು ಎನ್ನುವವರು ತಿಂಗಳ ಮೊದಲೇ ಡಾಕ್ಟರ ಜೊತೆ ಕೂತು ಮಾತ್ರೆಯ ಹೊತ್ತನ್ನು ನಿರ್ಧರಿಸಿಕೊಳ್ಳಬೇಕು. ಅವರು ಬೇಡ ಎಂದರೆ ಬೇಡ.

10. ಹೊಸ ಮದ್ದು ಏನೇ ಸೇರಿದರೂ ಹೇಳಿ

ಕ್ಷಯಕ್ಕೆ ಕೊಡುವ ರಿಫಾಂಪಿಸಿನ್, ಮೂರ್ಛೆರೋಗಕ್ಕೆ ಕೊಡುವ ಫೆನಿಟಾಯಿನ್, ಕಾರ್ಬಮಜೆಪಿನ್ ಇವೆಲ್ಲ ಯಕೃತ್ತಿನಲ್ಲಿ ಹೈಡ್ರೋಕಾರ್ಟಿಸೋನನ್ನು ಬೇಗ ಕರಗಿಸುತ್ತವೆ, ಥೈರಾಕ್ಸಿನ್ ಅಗತ್ಯವನ್ನೂ ಹೆಚ್ಚಿಸುತ್ತವೆ. ಟಿಬಿ ಚಿಕಿತ್ಸೆ ಶುರುವಾದ ಕೆಲವೇ ವಾರಗಳಲ್ಲಿ ಕ್ರೈಸಿಸ್ ಬರುವುದುಂಟು. ಸ್ಟಿರಾಯ್ಡ್ ಅಳತೆಯನ್ನು ಮೊದಲೇ ಏರಿಸಬೇಕು.

ಕೆಮ್ಮಿನ ಕಷಾಯಕ್ಕೆ ಹಾಕುವ ಜೇಷ್ಠಮಧು ಕಾರ್ಟಿಸಾಲ್ ಕೆಲಸ ಮಾಡುವ ಬಗೆಯನ್ನೇ ಬದಲಿಸಿ ಬಿಪಿ ಏರಿಸಬಲ್ಲದು, ಪೊಟ್ಯಾಸಿಯಂ ಇಳಿಸಬಲ್ಲದು. ದಿನವೂ ಕುಡಿಯುವವರು ಡಾಕ್ಟರಿಗೆ ತಿಳಿಸಬೇಕು. ಕೂದಲಿಗೆಂದು ನುಂಗುವ ಬಯೋಟಿನ್ ಮಾತ್ರೆ ಥೈರಾಯ್ಡ್ ಪರೀಕ್ಷೆಯ ಅಂಕಿಗಳನ್ನೇ ತಪ್ಪಾಗಿ ತೋರಿಸಬಹುದು. ರಕ್ತ ಕೊಡುವ ಎರಡು ಮೂರು ದಿನ ಮೊದಲು ಅದನ್ನು ನಿಲ್ಲಿಸಿ. ಮಂಡಿನೋವಿಗೆ, ಉಬ್ಬಸಕ್ಕೆ ಹೆಸರಿಲ್ಲದ ಪುಡಿ ಕೊಡುವವರಿಂದ ದೂರವಿರಿ. ಅಂಥ ಪುಡಿಗಳಲ್ಲಿ ಸ್ಟಿರಾಯ್ಡ್ ಬೆರೆಸಿರುವುದುಂಟು. ತಿಂಗಳುಗಟ್ಟಲೆ ತಿಂದು ಒಮ್ಮೆಲೇ ಬಿಟ್ಟವರಿಗೆ ಅಡ್ರಿನಲ್ ಕೊರತೆ ಬಂದದ್ದೇ ಹಾಗೆ.

11. ಯಾವ ಪರೀಕ್ಷೆ ಏನು ಹೇಳುತ್ತದೆ ಎಂಬುದು ತಿಳಿದಿರಲಿ

ಥೈರಾಕ್ಸಿನ್ ಅಳತೆ ಬದಲಿಸಿದರೆ 6ರಿಂದ 8 ವಾರ ಕಳೆದ ಮೇಲೆ ಪರೀಕ್ಷೆ. ಅದಕ್ಕೂ ಮೊದಲು ಮಾಡಿಸಿದರೆ ದುಡ್ಡು ದಂಡ. ಪಿಟ್ಯುಟರಿ ಕಾರಣದವರಲ್ಲಿ ಟಿಎಸ್‌ಎಚ್ ನೋಡಿ ಡೋಸ್ ನಿರ್ಧರಿಸುವಂತಿಲ್ಲ, ರಕ್ತದಲ್ಲಿನ ಥೈರಾಕ್ಸಿನ್ ಮಟ್ಟ ಹೇಳುವ ಫ್ರೀ ಟಿ4 ನೋಡಬೇಕು. ಟಿಎಸ್‌ಎಚ್ ಕಡಿಮೆಯಿದೆ ಎಂದು ಯಾರಾದರೂ ನಿಮ್ಮ ಮಾತ್ರೆ ಇಳಿಸಲು ಹೊರಟರೆ ಪಿಟ್ಯುಟರಿಯ ವಿಷಯ ನೆನಪಿಸಿ.

ಹೈಡ್ರೋಕಾರ್ಟಿಸೋನ್ ಸಾಲುತ್ತಿದೆಯೇ ಎಂದು ಹೇಳುವ ಒಳ್ಳೆಯ ರಕ್ತಪರೀಕ್ಷೆ ಇಲ್ಲ. ನೋಡಬೇಕಾದದ್ದು ನಿಮ್ಮನ್ನೇ: ತೂಕ, ಹಸಿವು, ಮಲಗಿದಾಗ ಮತ್ತು ನಿಂತಾಗಿನ ಬಿಪಿ, ಮೈಬಣ್ಣ, ಮಧ್ಯಾಹ್ನದ ಶಕ್ತಿ. ಒಂದು ನೋಟ್‌ಬುಕ್ಕಿನಲ್ಲಿ ವಾರಕ್ಕೊಮ್ಮೆ ಬರೆದಿಡಿ. ಡಾಕ್ಟರಿಗೆ ‘ಸುಸ್ತು ಸಾರ್’ ಎನ್ನುವುದಕ್ಕಿಂತ ‘ಮೂರು ವಾರದಿಂದ ಸಂಜೆ ನಾಲ್ಕಕ್ಕೆ ತಲೆ ಸುತ್ತುತ್ತೆ, ನಿಂತಾಗ ಬಿಪಿ ಇಷ್ಟು ಇಳಿಯುತ್ತೆ’ ಎಂದರೆ ಅರ್ಧ ಕೆಲಸ ಮುಗಿಯಿತು. ಸೋಡಿಯಂ, ಪೊಟ್ಯಾಸಿಯಂ ಪರೀಕ್ಷೆ ಫ್ಲೂಡ್ರೋಕಾರ್ಟಿಸೋನ್ ಅಳತೆಗೆ ಬೇಕು.

12. ಹಲ್ಲು, ಆಪರೇಷನ್, ಹೆರಿಗೆ

ಹಲ್ಲು ಕೀಳಿಸುವ ಮೊದಲು, ಎಂಡೋಸ್ಕೋಪಿಗೆ ಮೊದಲು, ಯಾವುದೇ ಆಪರೇಷನ್ನಿಗೆ ಮೊದಲು ‘ನನಗೆ ಸ್ಟಿರಾಯ್ಡ್ ಕವರ್ ಬೇಕು’, ಅಂದರೆ ಆ ಹೊತ್ತಿಗೆ ಹೆಚ್ಚುವರಿ ಸ್ಟಿರಾಯ್ಡ್ ಬೇಕು ಎಂದು ಹೇಳಿ. ಅನಸ್ತೇಷಿಯಾ ಡಾಕ್ಟರಿಗೆ ಇದು ಗೊತ್ತಿರುವ ವಿಷಯ, ನೀವು ಹೇಳಬೇಕಷ್ಟೇ.

ಬಸಿರಾದದ್ದು ತಿಳಿದ ದಿನವೇ ಡಾಕ್ಟರಿಗೆ ಫೋನ್ ಮಾಡಿ. ಥೈರಾಕ್ಸಿನ್ ಅಗತ್ಯ ಕಾಲುಭಾಗದಷ್ಟು, ಕೆಲವರಿಗೆ ಇನ್ನೂ ತುಸು ಹೆಚ್ಚು, ಬೇಗನೇ ಏರುತ್ತದೆ. ಮಗುವಿನ ಮಿದುಳಿಗೆ ಮೊದಲ ತಿಂಗಳುಗಳಲ್ಲಿ ಬೇಕಾದ ಥೈರಾಕ್ಸಿನ್ ತಾಯಿಯದೇ. ಹೈಡ್ರೋಕಾರ್ಟಿಸೋನನ್ನು ಕೊನೆಯ ಮೂರು ತಿಂಗಳಲ್ಲಿ ಏರಿಸಬೇಕಾಗಬಹುದು, ಹೆರಿಗೆ ನೋವು ಶುರುವಾದಾಗ 100 ಮಿಲಿಗ್ರಾಂ ಇಂಜೆಕ್ಷನ್ ಬೇಕು. ಬಸುರಿನ ಮೊದಲ ತಿಂಗಳುಗಳ ವಾಂತಿಯನ್ನು ‘ಎಲ್ಲರಿಗೂ ಇದ್ದದ್ದೇ’ ಎಂದು ಬಿಡಬೇಡಿ. ಆರನೇ ಸೂತ್ರದ ವಾಂತಿಯ ನಿಯಮ ಆಗಲೂ ಅದೇ.

13. ಮೂರನೆಯ ಗ್ರಂಥಿಯ ಮೇಲೂ ಕಣ್ಣಿರಲಿ

ರೋಗನಿರೋಧಕ ವ್ಯವಸ್ಥೆ ತಿರುಗಿಬಿದ್ದ ಮನೆಗಳಲ್ಲಿ ಟೈಪ್ 1 ಡಯಾಬಿಟಿಸ್, ಬಿ12 ಕೊರತೆಯ ರಕ್ತಹೀನತೆ, ತೊನ್ನು, ಗೋಧಿ ಒಗ್ಗದ ಸೀಲಿಯಾಕ್ ಕಾಯಿಲೆ, ಬೇಗ ಮುಟ್ಟು ನಿಲ್ಲುವುದು ಕಾಣಿಸಿಕೊಳ್ಳುತ್ತವೆ. ವರ್ಷಕ್ಕೊಮ್ಮೆ ಸಕ್ಕರೆ, ರಕ್ತ, ಬಿ12 ನೋಡಿಸಿ. ಇನ್ಸುಲಿನ್ ಮೇಲಿರುವ ಥೈರಾಯ್ಡ್ ರೋಗಿಗೆ ಕಾರಣವಿಲ್ಲದೆ ಮತ್ತೆ ಮತ್ತೆ ಸಕ್ಕರೆ ಕುಸಿಯತೊಡಗಿದರೆ ಅಡ್ರಿನಲ್ ಕಡೆ ನೋಡಲೇಬೇಕು. ಒಡಹುಟ್ಟಿದವರಿಗೂ ಹೇಳಿ.

14. ಎರಡು ತಿಂಗಳ ಮಾತ್ರೆ ಸದಾ ಮನೆಯಲ್ಲಿರಲಿ

ಥೈರಾಕ್ಸಿನ್ ಎಲ್ಲ ಅಂಗಡಿಯಲ್ಲಿ ಸಿಗುತ್ತದೆ. ಹೈಡ್ರೋಕಾರ್ಟಿಸೋನ್ ಮಾತ್ರೆ, ಫ್ಲೂಡ್ರೋಕಾರ್ಟಿಸೋನ್ ಸಣ್ಣ ಊರುಗಳಲ್ಲಿ ಸಿಗುವುದು ಕಷ್ಟ. ಪಟ್ಟಣದ ಒಂದು ಅಂಗಡಿಯವರನ್ನು ಪರಿಚಯ ಮಾಡಿಕೊಂಡು, ಮುಗಿಯುವ ತಿಂಗಳ ಮೊದಲೇ ತರಿಸಿ. ಸಿಗದೇ ಹೋದ ದಿನಕ್ಕೆ ಏನು ಮಾಡಬೇಕೆಂದು ಮೊದಲೇ ಕೇಳಿಟ್ಟುಕೊಳ್ಳಿ. ಹೈಡ್ರೋಕಾರ್ಟಿಸೋನ್ 20 ಮಿಲಿಗ್ರಾಂ ಸರಿಸುಮಾರು ಪ್ರೆಡ್ನಿಸೋಲೋನ್ 5 ಮಿಲಿಗ್ರಾಂಗೆ ಸಮ, ಮತ್ತು ಪ್ರೆಡ್ನಿಸೋಲೋನ್ ಎಲ್ಲೆಡೆ ಸಿಗುತ್ತದೆ.

ಮಗಳ ಬಾಣಂತನಕ್ಕೆ ಅಮೆರಿಕಕ್ಕೆ ಹೊರಟ ತಾಯಂದಿರಿಗೆ ಒಂದು ಮಾತು. ಮಾತ್ರೆ, ಇಂಜೆಕ್ಷನ್, ಡಾಕ್ಟರ ಚೀಟಿ ಮೂರೂ ಕೈಚೀಲದಲ್ಲಿರಲಿ, ಸೂಟ್‌ಕೇಸಿನಲ್ಲಿ ಬೇಡ. ಅಷ್ಟು ಉದ್ದದ ಪ್ರಯಾಣದಲ್ಲಿ ಮಾತ್ರೆಯ ಹೊತ್ತನ್ನು ಹೇಗೆ ಹೊಂದಿಸಬೇಕೆಂದು ಟಿಕೆಟ್ ತೆಗೆದ ದಿನವೇ ಕೇಳಿಕೊಳ್ಳಿ.

15. ದೊಡ್ಡ ಕೆಲಸಕ್ಕೆ ಈ ಕಾಯಿಲೆ ಅಡ್ಡಿಯಲ್ಲ

ಅಮೆರಿಕದ ಜಾನ್ ಎಫ್. ಕೆನೆಡಿಗೆ 1947ರಲ್ಲಿ, 30ನೇ ವಯಸ್ಸಿನಲ್ಲಿ, ಲಂಡನ್ನಿನಲ್ಲಿ ಅಡ್ರಿನಲ್ ಕೊರತೆ ಪತ್ತೆಯಾಯಿತು. ಥೈರಾಯ್ಡ್ ಕೊರತೆಗೂ ಅವರು ಚಿಕಿತ್ಸೆ ಪಡೆಯುತ್ತಿದ್ದರು. 1954ರಲ್ಲಿ ಬೆನ್ನಿನ ಆಪರೇಷನ್ನಿನಲ್ಲಿ ಸಾವಿನ ಅಂಚಿಗೆ ಹೋಗಿ ಬಂದರು. 1961ರಲ್ಲಿ ಅಧ್ಯಕ್ಷರಾದರು. ಸ್ಪೆಷಲ್ ಒಲಿಂಪಿಕ್ಸ್ ಕಟ್ಟಿದ ಅವರ ತಂಗಿ ಯೂನಿಸ್‌ಗೂ ಅಡಿಸನ್ ಕಾಯಿಲೆ ಇತ್ತು. ಕೆನೆಡಿ ತಮ್ಮ ಕಾಯಿಲೆಯನ್ನು ಜನರಿಂದ ಮುಚ್ಚಿಟ್ಟರು. ರಾಜಕಾರಣಿಗೆ ಅದು ಬೇಕಿತ್ತೇನೋ, ನಿಮಗೆ ಬೇಡ. ಆಫೀಸಿನಲ್ಲಿ ಪಕ್ಕದ ಮೇಜಿನವರಿಗೆ, ಕಾಲೇಜಿನಲ್ಲಿ ಒಬ್ಬ ಗೆಳತಿಗೆ, ಶಾಲೆಯಲ್ಲಿ ಮಗುವಿನ ಟೀಚರಿಗೆ ಗೊತ್ತಿರಲೇಬೇಕು.

ಈ ಎರಡೂ ಹಾರ್ಮೋನುಗಳ ಇತಿಹಾಸದಲ್ಲಿ ಒಬ್ಬರೇ ವ್ಯಕ್ತಿ ನಿಲ್ಲುತ್ತಾರೆ. ಅಮೆರಿಕದ ಮೇಯೊ ಕ್ಲಿನಿಕ್ಕಿನ ಎಡ್ವರ್ಡ್ ಕೆಂಡಾಲ್ 1914ರ ಕ್ರಿಸ್‌ಮಸ್ ದಿನ ಥೈರಾಕ್ಸಿನನ್ನು ಶುದ್ಧರೂಪದಲ್ಲಿ ಬೇರ್ಪಡಿಸಿದರು. ಮುಂದೆ ಅಡ್ರಿನಲ್‌ನಿಂದ ಕಾರ್ಟಿಸೋನ್ ಬೇರ್ಪಡಿಸಿದವರಲ್ಲೂ ಅವರು ಪ್ರಮುಖರು. 1950ರ ನೊಬೆಲ್ ಅವರಿಗೂ ಹೆಂಚ್, ರೈಖ್‌ಸ್ಟೈನ್ ಇಬ್ಬರಿಗೂ ಬಂತು. ಕಾರ್ಟಿಸೋನ್ ಚಿಕಿತ್ಸೆ ಬರುವ ಮುಂಚೆ ಅಡಿಸನ್ ಕಾಯಿಲೆ ಬಂದವರು ಬದುಕುತ್ತಿದ್ದದ್ದು ಬಹಳ ಸ್ವಲ್ಪ ಕಾಲ.

ಎಲ್ಲ ಸರಿಯಿದ್ದರೂ ಕೆಲವರಿಗೆ ಸುಸ್ತು ಪೂರ್ತಿ ಹೋಗುವುದಿಲ್ಲ. ಮಾತ್ರೆ ಎಷ್ಟು ಜಾಣ್ಮೆಯಿಂದ ತೆಗೆದುಕೊಂಡರೂ ಗ್ರಂಥಿಯಂತೆ ನಿಮಿಷ ನಿಮಿಷಕ್ಕೆ ಸ್ಪಂದಿಸಲಾರದು. ಭಾರದ ಕೆಲಸವನ್ನು ಬೆಳಿಗ್ಗೆ ಮುಗಿಸಿ, ಮಧ್ಯಾಹ್ನ ಅರ್ಧ ಗಂಟೆ ಕಾಲು ಚಾಚಿ. ಕುಮಾರಪರ್ವತ ಹತ್ತುವ ಆಸೆಯಿದ್ದರೆ ಆ ದಿನದ ಹೆಚ್ಚುವರಿ ಡೋಸ್ ಎಷ್ಟೆಂದು ಕೇಳಿಕೊಂಡು ಹತ್ತಿ.

16. ಇಂಜೆಕ್ಷನ್ ಚುಚ್ಚಲು ಮನೆಯಲ್ಲಿ ಇಬ್ಬರಿಗೆ ಕಲಿಸಿ

ಕ್ರೈಸಿಸ್ ಬಂದಾಗ ರೋಗಿಗೆ ತಾನೇ ಏನೂ ಮಾಡಿಕೊಳ್ಳುವ ಶಕ್ತಿ ಇರುವುದಿಲ್ಲ. ತೀರ್ಥಹಳ್ಳಿಯ ಒಳಗಿನ ಒಂದು ಹಳ್ಳಿಯಿಂದ ಮಳೆಗಾಲದ ರಾತ್ರಿ ದೊಡ್ಡ ಆಸ್ಪತ್ರೆ ಮುಟ್ಟಲು ಎಷ್ಟು ಹೊತ್ತು ಬೇಕೆಂದು ಅಲ್ಲಿರುವವರಿಗೆ ಗೊತ್ತು. ಆ ಹೊತ್ತನ್ನು ದಾಟಿಸುವುದು ಒಂದು ಚಿಕ್ಕ ಬಾಟ್ಲಿ. ಹೈಡ್ರೋಕಾರ್ಟಿಸೋನ್ ಸೋಡಿಯಂ ಸಕ್ಸಿನೇಟ್ 100 ಮಿಲಿಗ್ರಾಂ ವಯಲ್, ಬೆರೆಸುವ ಸ್ಟೆರೈಲ್ ನೀರು, ಎರಡು ಸಿರಿಂಜು, ಸೂಜಿ, ಸ್ಪಿರಿಟ್ ಹತ್ತಿ ಇವನ್ನೆಲ್ಲ ಒಂದು ಡಬ್ಬಿಯಲ್ಲಿ ಹಾಕಿ, ಮುಚ್ಚಳದ ಮೇಲೆ ಅವಧಿ ಮುಗಿಯುವ ತಿಂಗಳನ್ನು ದಪ್ಪಕ್ಷರದಲ್ಲಿ ಬರೆಯಿರಿ. ಬಿಸಿಲು ಬೀಳದ, ತಂಪಾದ ಜಾಗದಲ್ಲಿಡಿ. ಮಕ್ಕಳಿಗೆ ಅಳತೆ ಬೇರೆ, ವಯಸ್ಸಿಗೆ ತಕ್ಕಂತೆ ಡಾಕ್ಟರಿಂದ ಬರೆಸಿಕೊಳ್ಳಿ.

ಪುಡಿಗೆ ನೀರು ಬೆರೆಸಿ, ಅಲ್ಲಾಡಿಸಿ, ಎಳೆದುಕೊಂಡು, ತೊಡೆಯ ಹೊರಭಾಗದ ಮಾಂಸಖಂಡಕ್ಕೆ ನೇರವಾಗಿ ಚುಚ್ಚುವುದು. ಅವಸರವಿದ್ದರೆ ಬಟ್ಟೆಯ ಮೇಲಿಂದಲೇ ಚುಚ್ಚಬಹುದು. ತಪ್ಪಾಗಿ ಕೊಟ್ಟೆನೇನೋ ಎಂದು ಹೆದರಬೇಡಿ. ಬೇಡದಾಗ ಒಮ್ಮೆ ಕೊಟ್ಟ 100 ಮಿಲಿಗ್ರಾಂ ಹಾನಿ ಮಾಡುವುದಿಲ್ಲ, ಬೇಕಾದಾಗ ಕೊಡದಿದ್ದರೆ ಜೀವ ಹೋಗುತ್ತದೆ. ಚುಚ್ಚಿದ ಮೇಲೆ ಚೇತರಿಸಿಕೊಂಡಂತೆ ಕಂಡರೂ ಆಸ್ಪತ್ರೆಗೆ ಹೋಗಲೇಬೇಕು.

ಗಂಡ, ಹೆಂಡತಿ, ದೊಡ್ಡ ಮಗ, ಪಕ್ಕದ ಮನೆಯ ನರ್ಸಮ್ಮ, ಇವರಲ್ಲಿ ಇಬ್ಬರನ್ನು ಮುಂದಿನ ಸಲ ಡಾಕ್ಟರ ಬಳಿ ಜೊತೆಗೆ ಕರೆದುಕೊಂಡು ಹೋಗಿ. ಅಲ್ಲೇ ಸಿರಿಂಜು ಕೈಗೆ ಕೊಟ್ಟು ಒಂದು ಸಲ ಮಾಡಿಸಿ. ಡಬ್ಬಿ ಇನ್ನೂ ಮನೆಯಲ್ಲಿ ಇಲ್ಲದವರು ಈ ವಾರವೇ ಚೀಟಿ ಬರೆಸಿ ತಂದಿಡಿ.